ರುವಕಾನಾ ಜಲವಿದ್ಯುದಾಗಾರ

ರುವಕಾನಾ ಮರುಭೂಮಿ ದೇಶವಾದ ನಮೀಬಿಯದ ಅತಿ ದೊಡ್ಡ ವಿದ್ಯುದಾಗಾರ. ಅಂಗೋಲದ ಗಡಿಯಲ್ಲಿ, ಕುನೇನೆ ನದಿಯ ಜಲಪಾತದ ಬಳಿಯಿದೆ. ಒಣನಾಡಿನ ಮುಖ್ಯ ಸ್ಥಾವರ ನೀರಿನಿಂದಲೇ ನಡೆಯುವುದು ಇದರ ವೈಚಿತ್ರ್ಯ.

1978ರಲ್ಲಿ 80 ಮೆಗಾವ್ಯಾಟ್‌ನ ಮೂರು ಘಟಕಗಳೊಡನೆ ಕಾರ್ಯಾರಂಭ ಮಾಡಿತು. 2012ರಲ್ಲಿ ನಾಲ್ಕನೆಯದು ಸೇರಿತು. ಈಗಿನ ಸಾಮರ್ಥ್ಯ 347 ಮೆಗಾವ್ಯಾಟ್. ಯಂತ್ರಗಳು ನೆಲದಡಿಯಲ್ಲಿವೆ. ನಿರ್ವಹಣೆ ಸರ್ಕಾರಿ ಸಂಸ್ಥೆ ನ್ಯಾಂಪವರ್‌ನದು.

ಸ್ಥಾವರದ ಬಳಿ ದೊಡ್ಡ ಜಲಾಶಯವಿಲ್ಲ. ಹರಿಯುವ ನೀರೇ ಆಧಾರವಾದ್ದರಿಂದ ಉತ್ಪಾದನೆ ಅಂಗೋಲದ ಎತ್ತರದ ನಾಡಿನ ಮಳೆಯನ್ನು ಅವಲಂಬಿಸಿದೆ: ಮಳೆಗಾಲದ ಪ್ರವಾಹವಿದ್ದಾಗ ಹೇರಳ, ವರ್ಷದ ಕೊನೆಯ ತಿಂಗಳುಗಳಲ್ಲಿ ಕ್ಷೀಣ. ಮೇಲ್ದಂಡೆಯ ಗೋವೆ, ಕಲುವೆಕೆ ಅಣೆಕಟ್ಟುಗಳೂ ಅಂಗೋಲದಲ್ಲೇ ಇವೆ.

ಕೊರತೆ ತುಂಬಲು ನಮೀಬಿಯ ದಕ್ಷಿಣ ಆಫ್ರಿಕ ಮೊದಲಾದ ನೆರೆನಾಡುಗಳಿಂದ ವಿದ್ಯುತ್ ಕೊಳ್ಳುತ್ತದೆ. ದೇಶದೊಳಗಿನ ಇತರ ಸ್ಥಾವರಗಳಲ್ಲಿ ವಿಂಡ್‌ಹುಕ್‌ನ ವಾನ್ ಎಕ್ ಕಲ್ಲಿದ್ದಲು ಸ್ಥಾವರ ಹಳೆಯದು. ಒಂಬುರುವಿನಂಥ ಸೌರ ಘಟಕಗಳು ಹೊಸ ಸೇರ್ಪಡೆ.