ಅಂಗಾಲಿನ ಮೇಲೊಂದು ಮ್ಯಾಪು

ಹೋದ ವರ್ಷ ಯುಗಾದಿ ಮುಗಿಸಿಕೊಂಡು ಅಪ್ಪ ಬೆಂಗಳೂರಿಗೆ ಬಂದಿದ್ರು. 66 ವರ್ಷ, ಅದರಲ್ಲಿ ಹನ್ನೊಂದು ವರ್ಷದಿಂದ ಶುಗರ್. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಬೆಳಗಾದ್ರೆ ತೆಂಗಿನ ತೋಟ ಒಂದು ಸುತ್ತು ಹಾಕಿ ಬರೋ ಮನುಷ್ಯ ನಮ್ಮ ಅಪಾರ್ಟ್‌ಮೆಂಟಿನ ಟೈಲ್ಸ್ ನೆಲದ ಮೇಲೆ ಎರಡೇ ದಿನಕ್ಕೆ ಬೇಜಾರಾಗಿದ್ರು. ಭಾನುವಾರ ಮಾಲ್‌ಗೆ ಕರ್ಕೊಂಡು ಹೋದೆ. ಎರಡು ಗಂಟೆ ಸುತ್ತಿದ ಮೇಲೆ "ಕಾಲು ಸೋತೋಯ್ತು ಕಣಪ್ಪ" ಅಂದ್ರು. ಎದುರಿಗೇ ಒಂದು ಫುಟ್ ರಿಫ್ಲೆಕ್ಸಾಲಜಿ ಸೆಂಟರ್ ಇತ್ತು. 45 ನಿಮಿಷಕ್ಕೆ 900 ರೂಪಾಯಿ. "ಕಾಲು ಒತ್ತೋಕೆ ಎರಡಾಳಿನ ಕೂಲಿನಾ?" ಅಂತ ಗೊಣಗಿದ್ರೂ ಕೂತ್ಕೊಂಡ್ರು.

ಗೋಡೆ ಮೇಲೆ ಎರಡು ದೊಡ್ಡ ಅಂಗಾಲುಗಳ ಚಿತ್ರ. ಬಣ್ಣಬಣ್ಣದ ತುಂಡುಗಳಾಗಿ ಭಾಗ ಮಾಡಿದ್ರು. ಹೆಬ್ಬೆರಳು ಅಂದ್ರೆ ತಲೆ, ಬೆರಳಿನ ಬುಡದ ದಪ್ಪ ಭಾಗ ಶ್ವಾಸಕೋಶ, ನಡುವಿನ ಹಳ್ಳ ಹೊಟ್ಟೆ-ಕರುಳು, ಹಿಮ್ಮಡಿ ಸೊಂಟದ ಕೆಳಗಿನ ಭಾಗ, ಪಾದದ ಒಳ ಅಂಚು ಬೆನ್ನುಮೂಳೆ. ಕೆಳಗೆ "5,000 ವರ್ಷಗಳ ಪ್ರಾಚೀನ ವಿಜ್ಞಾನ" ಅಂತ ಇತ್ತು. ಒತ್ತುತ್ತಿದ್ದ ಹುಡುಗ ಅಪ್ಪನ ಎಡಗಾಲಿನ ಮಧ್ಯೆ ಒಂದು ಕಡೆ ಹೆಬ್ಬೆರಳು ಊರಿ, "ಅಂಕಲ್, ಇದೇ ಮೇದೋಜೀರಕದ ಪಾಯಿಂಟು. ದಿನಾ ಒತ್ಕೊಂಡ್ರೆ ಶುಗರ್ ಕಂಟ್ರೋಲಿಗೆ ಬರುತ್ತೆ" ಅಂದ. ಅಪ್ಪನ ಮುಖ ಅರಳಿತು. ನಾನು ಮೊಬೈಲ್ ನೋಡ್ತಾ ಇದ್ದೆ.

ಅಪ್ಪ ಊರಿಗೆ ಹೋಗಿ ಹತ್ತು ದಿನ ಆಗಿರಬೇಕು. ಅಮ್ಮನ ಫೋನು. "ನಿಮ್ಮಪ್ಪ ಮಾತ್ರೆ ಬಿಟ್ಟವ್ರೆ ಕಣೋ. ದಿನಾ ಸಂಜೆ ಒಂದು ಕಡ್ಡಿ ಇಟ್ಕೊಂಡು ಕಾಲು ಒತ್ಕೊಂಡು ಕೂತಿರ್ತಾರೆ. ನೀನೇ ತೋರಿಸಿದ್ಯಂತಲ್ಲ."

ನಾನು ತೋರಿಸಿದ್ದೇನೋ ನಿಜ. ಆದ್ರೆ ಏನನ್ನ ತೋರಿಸಿದೆ ಅಂತ ನನಗೇ ಗೊತ್ತಿರಲಿಲ್ಲ. ಆಫೀಸಲ್ಲಿ ಯಾರೋ ಬರೆದ ಹಳೇ ಕೋಡ್ ಕೈಗೆ ಬಂದ್ರೆ, ಯಾರು, ಯಾವಾಗ, ಯಾಕೆ ಈ ಸಾಲು ಸೇರಿಸಿದ್ರು ಅಂತ ಹಿಸ್ಟರಿ ತೆಗೆದು ನೋಡ್ತೀವಲ್ಲ, ಆ ಮ್ಯಾಪಿಗೂ ಅದನ್ನೇ ಮಾಡೋಣ ಅಂತ ಅವತ್ತು ರಾತ್ರಿ ಕೂತೆ.

ಮೊದಲು ಆ 5,000 ವರ್ಷದ ಲೆಕ್ಕ. ಇದಕ್ಕೆ ಎಲ್ಲರೂ ಕೊಡೋ ಸಾಕ್ಷಿ ಈಜಿಪ್ಟಿನದು. ಸಕ್ಕಾರಾ ಅನ್ನೋ ಜಾಗದಲ್ಲಿ ಆಂಖ್‌ಮಾಹೋರ್ ಅನ್ನೋ ದೊಡ್ಡ ಅಧಿಕಾರಿಯ ಸಮಾಧಿ ಇದೆ. ಸುಮಾರು 4,300 ವರ್ಷ ಹಳೇದು. ಅದರ ಗೋಡೆಯ ಕೆತ್ತನೆಯಲ್ಲಿ ಇಬ್ಬರು ಕೂತಿದ್ದಾರೆ, ಇನ್ನಿಬ್ಬರು ಅವರ ಕೈಯನ್ನೂ ಕಾಲನ್ನೂ ಹಿಡಿದುಕೊಂಡು ಏನೋ ಮಾಡ್ತಿದ್ದಾರೆ. ಅದೇ ಸಮಾಧಿಯಲ್ಲಿ ಸುನ್ನತಿಯ ಚಿತ್ರವೂ ಇರೋದ್ರಿಂದ ಅದಕ್ಕೆ 'ವೈದ್ಯನ ಸಮಾಧಿ' ಅಂತ ಅಡ್ಡಹೆಸರು ಬಿತ್ತು. ಆದ್ರೆ ಕೈಕಾಲು ಹಿಡಿದವರು ಉಗುರು ಕತ್ತರಿಸಿ ಚೊಕ್ಕ ಮಾಡ್ತಿರಬಹುದು ಅಂತ ಹೇಳೋ ವಿದ್ವಾಂಸರೂ ಇದ್ದಾರೆ. ಒತ್ತುತ್ತಿದ್ದಾರೆ ಅಂತಲೇ ಇಟ್ಕೊಂಡರೂ, ಅಂಗಾಲಲ್ಲಿ ಲಿವರ್ ಎಲ್ಲಿದೆ, ಕಿಡ್ನಿ ಎಲ್ಲಿದೆ ಅನ್ನೋ ಮ್ಯಾಪು ಆ ಕಲ್ಲಿನ ಮೇಲೆ ಇಲ್ಲ.

ಸರಿ, ನಮ್ಮ ಕಡೆ? ಇಲ್ಲಿ ಪಾದಕ್ಕೆ ಎಣ್ಣೆ ಹಚ್ಚಿ ತಿಕ್ಕೋದು ನಿಜವಾಗ್ಲೂ ಬಹಳ ಹಳೇ ಪದ್ಧತಿ. ಚರಕ ಸಂಹಿತೆಯಲ್ಲಿ ದಿನಾ ಏನೇನು ಮಾಡಬೇಕು ಅಂತ ಹೇಳೋ ಕಡೆ ಪಾದಾಭ್ಯಂಗದ ಮಾತು ಬರುತ್ತೆ. ಪಾದದ ಒರಟು, ಬಿಗಿತ, ದಣಿವು, ಜೋಮು ಹೋಗುತ್ತೆ, ಪಾದ ಮೃದುವಾಗಿ ಗಟ್ಟಿಯಾಗುತ್ತೆ, ಒಡೆಯಲ್ಲ, ಕಣ್ಣಿಗೂ ಒಳ್ಳೇದು ಅಂತ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಳ್ಳಿ, ತಲೆ, ಕಿವಿ, ಪಾದಕ್ಕಂತೂ ತಪ್ಪಿಸಬೇಡಿ ಅನ್ನೋ ಅರ್ಥದ ಮಾತಿದೆ. ಮಹಾರಾಷ್ಟ್ರದಲ್ಲಿ ಕಂಚಿನ ಬಟ್ಟಲಿನಿಂದ ಅಂಗಾಲು ಉಜ್ಜೋ ರೂಢಿ ಇವತ್ತಿಗೂ ಇದೆ. ನಮ್ಮಜ್ಜಿ ಬೇಸಿಗೆಯಲ್ಲಿ ಮಲಗೋ ಮುಂಚೆ ನಮ್ಮ ಅಂಗಾಲಿಗೆ ಹರಳೆಣ್ಣೆ ಸವರ್ತಿದ್ರು, ಕಣ್ಣು ತಂಪಾಗುತ್ತೆ ಅಂತ. ಅಜ್ಜಿ ಚರಕನ ಹೆಸರು ಕೇಳಿದ್ದೇ ಇಲ್ಲ.

ಆದ್ರೆ ಇಲ್ಲೂ ಒಂದು ವ್ಯತ್ಯಾಸ ಗಮನಿಸಬೇಕು. ಇವರೆಲ್ಲ ಹೇಳ್ತಿರೋದು ಪಾದದ ಆರೈಕೆಯ ಮಾತು, ಇಡೀ ಪಾದಕ್ಕೆ ಎಣ್ಣೆ. ಮೇದೋಜೀರಕಕ್ಕೊಂದು ಬಟನ್, ಥೈರಾಯ್ಡಿಗೊಂದು ಬಟನ್ ಅನ್ನೋ ಲೆಕ್ಕ ಇವರದ್ದಲ್ಲ.

ಆ ಲೆಕ್ಕ ಹುಟ್ಟಿದ್ದು ಅಮೆರಿಕದಲ್ಲಿ. ಅದಕ್ಕೂ ಸ್ವಲ್ಪ ಮುಂಚೆ, 1890ರ ದಶಕದಲ್ಲಿ, ಲಂಡನ್ನಿನ ಹೆನ್ರಿ ಹೆಡ್ ಅನ್ನೋ ಡಾಕ್ಟರು ಒಂದು ವಿಷಯ ಚೆನ್ನಾಗಿ ದಾಖಲು ಮಾಡಿದ್ರು: ಒಳಗಿನ ಅಂಗಕ್ಕೆ ತೊಂದರೆಯಾದ್ರೆ ದೂರದ ಚರ್ಮದ ಮೇಲೆ ನೋವು ಕಾಣಿಸಿಕೊಳ್ಳಬಹುದು. ಹಾರ್ಟ್ ಅಟ್ಯಾಕ್ ಆದಾಗ ಎಡಗೈ ನೋಯುತ್ತಲ್ಲ, ಅದೇ. ಇದು ಗಟ್ಟಿ ವಿಜ್ಞಾನ. ಹಾಗಾದ್ರೆ ಚರ್ಮವನ್ನ ಒತ್ತಿ ಒಳಗಿನ ಅಂಗವನ್ನ ಸರಿ ಮಾಡಬಹುದಾ ಅನ್ನೋ ಆಸೆ ಆ ಕಾಲದಲ್ಲಿ ಯಾರಿಗಾದ್ರೂ ಬಂದಿದ್ರೆ ಆಶ್ಚರ್ಯ ಇಲ್ಲ.

ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಅಂತ ಕಿವಿ-ಮೂಗು-ಗಂಟಲಿನ ಡಾಕ್ಟರ್ ಇದ್ರು. ಕೆಲವು ಜಾಗ ಬಲವಾಗಿ ಒತ್ತಿದ್ರೆ ಇನ್ನೆಲ್ಲೋ ನೋವು ಕಡಿಮೆಯಾಗುತ್ತೆ ಅಂತ ಅವರಿಗೆ ಅನ್ನಿಸ್ತು. ದೇಹವನ್ನ ತಲೆಯಿಂದ ಕಾಲ್ಬೆರಳಿನವರೆಗೆ ಉದ್ದುದ್ದ ಹತ್ತು ಪಟ್ಟಿಗಳಾಗಿ ಭಾಗ ಮಾಡಿದ್ರು, ಒಂದೊಂದು ಬೆರಳಿಗೆ ಒಂದೊಂದು ಪಟ್ಟಿ. ಹೆಸರು 'ಜೋನ್ ಥೆರಪಿ'. ಎಡ್ವಿನ್ ಬವರ್ಸ್ ಜೊತೆ ಸೇರಿ 1917ರಲ್ಲಿ ಪುಸ್ತಕ ತಂದ್ರು. ಒತ್ತೋಕೆ ಅವರು ಬಳಸ್ತಿದ್ದ ಸಾಮಾನು ಕೇಳಿದ್ರೆ ನಗು ಬರುತ್ತೆ: ರಬ್ಬರ್ ಬ್ಯಾಂಡು, ಲೋಹದ ಬಾಚಣಿಗೆ, ಬಟ್ಟೆ ಒಣಗಿಸೋ ಕ್ಲಿಪ್ಪು. ಅವರ ಗಮನ ಇದ್ದದ್ದು ಜಾಸ್ತಿ ಕೈಬೆರಳು ಮತ್ತು ಬಾಯಿಯ ಕಡೆ.

ಇದನ್ನ ಕಾಲಿಗೆ ಇಳಿಸಿದವರು ಯೂನಿಸ್ ಇಂಗಮ್ ಅನ್ನೋ ಫಿಸಿಯೋಥೆರಪಿಸ್ಟ್. ಜೋ ಶೆಲ್ಬಿ ರೈಲಿ ಅನ್ನೋ ಡಾಕ್ಟರ್ ಹತ್ತಿರ ಕೆಲಸಕ್ಕಿದ್ದಾಗ ಜೋನ್ ಥೆರಪಿ ಕಲಿತ್ರು. ಮೊದಮೊದಲು ರೋಗಿಗಳ ಅಂಗಾಲಲ್ಲಿ ನೋಯೋ ಜಾಗಕ್ಕೆ ಹತ್ತಿಯುಂಡೆ ಇಟ್ಟು ಟೇಪ್ ಅಂಟಿಸಿ ನಡೆದಾಡಿಸ್ತಿದ್ರಂತೆ. ಆಮೇಲೆ ಹೆಬ್ಬೆರಳಿಗಿಂತ ಒಳ್ಳೇ ಸಾಧನ ಇಲ್ಲ ಅಂತ ಗೊತ್ತಾಯ್ತು. ನೂರಾರು ಪಾದಗಳನ್ನ ಒತ್ತಿ, ಎಲ್ಲಿ ನೋವಿದೆ, ಆ ಮನುಷ್ಯನಿಗೆ ಏನು ಕಾಯಿಲೆ ಅಂತ ಹೊಂದಿಸ್ತಾ ಹೊಂದಿಸ್ತಾ ಹತ್ತು ಪಟ್ಟಿಗಳನ್ನ ಇಡೀ ದೇಹದ ನಕ್ಷೆಯನ್ನಾಗಿ ಬೆಳೆಸಿದ್ರು. 'ಸ್ಟೋರೀಸ್ ದ ಫೀಟ್ ಕ್ಯಾನ್ ಟೆಲ್' ಅನ್ನೋ ಅವರ ಪುಸ್ತಕ ಬಂದದ್ದು 1938ರಲ್ಲಿ. ಮಾಲ್‌ನ ಗೋಡೆ ಮೇಲೆ ನಾನು ನೋಡಿದ ಚಿತ್ರದ ಪೂರ್ವಜ ಅದೇ. ಇನ್ನೂ ನೂರು ವರ್ಷವೂ ಆಗಿಲ್ಲ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. 'ರಿಫ್ಲೆಕ್ಸಾಲಜಿ' ಅನ್ನೋ ಪದ ಮೊದಲು ರಷ್ಯಾದ ವಿಜ್ಞಾನಿ ಬೆಖ್ತೆರೆವ್ ಅವರ ಮನಶ್ಶಾಸ್ತ್ರಕ್ಕೆ ಸೇರಿದ್ದು. ಅದಕ್ಕೂ ಕಾಲಿಗೂ ಸಂಬಂಧವೇ ಇಲ್ಲ. ಅಮೆರಿಕದ ಕಾಲಿನ ಮ್ಯಾಪಿಗೆ ಈ ಹೆಸರು ಗಟ್ಟಿಯಾಗಿ ಅಂಟಿದ್ದು 1960ರ ದಶಕದಲ್ಲಿ, 'ಥೆರಪಿ' ಅನ್ನೋ ಪದ ಬಳಸಬೇಡಿ ಅಂತ ಫಿಸಿಯೋಥೆರಪಿಸ್ಟ್‌ಗಳು ತಕರಾರು ತೆಗೆದ ಮೇಲೆ.

ಹಾಗಾದ್ರೆ ಇದು ನಮಗೆ ಚೀನಾದ್ದು, ಥಾಯ್ಲೆಂಡಿನದು ಅಂತ ಯಾಕೆ ಅನ್ಸುತ್ತೆ? ಚೀನೀ ವೈದ್ಯದಲ್ಲೂ ಅಂಗಾಲಿನ ಒಂದು ಬಿಂದುವಿಗೆ ಹಳೇ ಮಹತ್ವ ಇದೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಒಬ್ಬ ಸ್ವಿಸ್ ಪಾದ್ರಿ. ಜೋಸೆಫ್ ಯೂಗ್‌ಸ್ಟರ್ 1970ರಲ್ಲಿ ತೈವಾನಿಗೆ ಬಂದು, ಪೂರ್ವ ತೀರದ ತೈತುಂಗ್ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡ್ತಿದ್ರು. ಮಂಡಿ ನೋವು. ಜೊತೆಯವರೊಬ್ಬರು ಸ್ವಿಸ್ ನರ್ಸ್ ಹೇಡಿ ಮಸಾಫ್ರೆ ಬರೆದ ಪುಸ್ತಕ ಕೊಟ್ರು. ಅದನ್ನ ನೋಡ್ಕೊಂಡು ತಮ್ಮ ಕಾಲು ತಾವೇ ಒತ್ಕೊಂಡ್ರು, ನೋವು ಇಳೀತು, ಆಮೇಲೆ ಹಳ್ಳಿಯವರಿಗೆ ಒತ್ತಿದ್ರು. ಸುದ್ದಿ ಹಬ್ಬಿ ಜನ ಸಾಲುಗಟ್ಟಿದ್ರು. ಅಮೆರಿಕದಲ್ಲಿ ಹುಟ್ಟಿದ ಮ್ಯಾಪು ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿಂದ ತೈವಾನಿಗೆ ಬಂದು, ಏಷ್ಯಾದ ಬೀದಿಬೀದಿಯಲ್ಲಿ 'ಪೂರ್ವದ ಪ್ರಾಚೀನ ವಿದ್ಯೆ' ಅನ್ನಿಸಿಕೊಳ್ತು.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ತೈವಾನಿನ ಕಾನೂನಿನಲ್ಲಿ ಮಸಾಜ್ ಕಸುಬು ಕಣ್ಣು ಕಾಣದವರಿಗೆ ಮಾತ್ರ ಮೀಸಲಾಗಿತ್ತು. ಕಾಲು ಒತ್ತೋ ಅಂಗಡಿಗಳು ಹೆಚ್ಚಿದ ಹಾಗೆ ಕಣ್ಣಿದ್ದವರೂ ಈ ಕಸುಬಿಗೆ ಇಳಿದ್ರು. ಮೀಸಲಿನ ಪ್ರಶ್ನೆ ಕೋರ್ಟಿನವರೆಗೂ ಹೋಯ್ತು. 2008ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಪೀಠ, ಯಾರು ಬೇಕಾದ್ರೂ ತಮಗಿಷ್ಟದ ಕೆಲಸ ಮಾಡಬಹುದು, ಈ ಮೀಸಲು ಸಂವಿಧಾನಕ್ಕೆ ಹೊಂದೋದಿಲ್ಲ ಅಂತ ಹೇಳಿ ಮೂರು ವರ್ಷದ ಗಡುವು ಕೊಡ್ತು. ತೀರ್ಪು ಸರಿಯೋ ತಪ್ಪೋ, ಬೇರೆ ಕೆಲಸ ಸುಲಭವಾಗಿ ಸಿಗದವರ ಕೈಯಲ್ಲಿದ್ದ ಒಂದು ಕಸುಬಿಗೆ ಪೈಪೋಟಿ ಬಂತು.

ಇನ್ನು ಅಸಲಿ ಪ್ರಶ್ನೆ. ಇದು ಕೆಲಸ ಮಾಡುತ್ತಾ?

ಬ್ರಿಟನ್ನಿನ ಸಂಶೋಧಕ ಎಡ್ಜಾರ್ಡ್ ಅರ್ನ್ಸ್ಟ್ 2009ರಲ್ಲಿ 18 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಯಾವ ಕಾಯಿಲೆಗೂ ಇದು ಚಿಕಿತ್ಸೆ ಅನ್ನೋಕೆ ನಂಬುವಂಥ ಪುರಾವೆ ಇಲ್ಲ ಅನ್ನೋದು ಅವರ ತೀರ್ಮಾನ. ಆಸ್ಟ್ರೇಲಿಯಾ ಸರ್ಕಾರವೂ ಇಂಥ ಪದ್ಧತಿಗಳನ್ನೆಲ್ಲ ಪರಿಶೀಲಿಸಿ, 2019ರ ಏಪ್ರಿಲ್‌ನಿಂದ ರಿಫ್ಲೆಕ್ಸಾಲಜಿಯೂ ಸೇರಿ 16 ಬಗೆಯ ಚಿಕಿತ್ಸೆಗಳನ್ನ ಖಾಸಗಿ ಆರೋಗ್ಯ ವಿಮೆಯ ಸೌಲಭ್ಯದಿಂದ ತೆಗೀತು. ಅದೂ ಅಲ್ಲದೆ ಬೇರೆ ಬೇರೆ ಪಂಥದವರ ಮ್ಯಾಪುಗಳೇ ಒಂದಕ್ಕೊಂದು ಪೂರ್ತಿ ತಾಳೆಯಾಗಲ್ಲ.

ಆದ್ರೆ ಕಥೆ ಅಲ್ಲಿಗೇ ಮುಗಿಯಲ್ಲ. ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಗ್ವೆನ್ ವಯಟ್ ಅನ್ನೋ ನರ್ಸಿಂಗ್ ಪ್ರಾಧ್ಯಾಪಕಿಯ ತಂಡ, ಸ್ತನ ಕ್ಯಾನ್ಸರ್ ಹೆಚ್ಚಾಗಿ ಚಿಕಿತ್ಸೆಯಲ್ಲಿದ್ದ ಹೆಂಗಸರ ಮೇಲೆ ಪ್ರಯೋಗ ಮಾಡ್ತು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಒತ್ತಿದವರು ಥೆರಪಿಸ್ಟ್‌ಗಳಲ್ಲ, ಮನೆಯವರು ಮತ್ತು ಗೆಳೆಯರು. ಅವರಿಗೆ ಒತ್ತೋದನ್ನ ಕಲಿಸಿ, ನಾಲ್ಕು ವಾರ ಮನೆಯಲ್ಲೇ ಮಾಡಿಸಿದ್ರು. ಒತ್ತಿಸಿಕೊಂಡವರಿಗೆ ರೋಗದ ಲಕ್ಷಣಗಳ ಬಾಧೆ ಕಡಿಮೆ ಅನ್ನಿಸ್ತು. ಕ್ಯಾನ್ಸರ್ ಹೋಗಲಿಲ್ಲ, ಹೋಗುತ್ತೆ ಅಂತ ಅವರೂ ಹೇಳಲಿಲ್ಲ. ಸಂಕಟ ಸ್ವಲ್ಪ ಇಳೀತು. ಅದೇನು ಸಣ್ಣ ವಿಷಯ ಅಲ್ಲ.

ಇಷ್ಟೆಲ್ಲ ಓದ್ಕೊಂಡು ಶನಿವಾರ ಊರಿಗೆ ಹೋದೆ. ಇತಿಹಾಸ ಹೇಳಿದ್ರೆ ಅಪ್ಪ ಒಪ್ತಾರೆ ಅನ್ಕೊಂಡಿದ್ದೆ. "ಒತ್ತಿದ್ರೆ ಹಾಯಾಗುತ್ತಲ್ಲ, ಅದು ಸುಳ್ಳಾ?" ಅಂತ ಕೇಳಿದ್ರು. ಸುಳ್ಳಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋದೆ. ಶುಗರ್ ಮುನ್ನೂರು ದಾಟಿತ್ತು. ಡಾಕ್ಟರಮ್ಮ ಒಂದು ತೆಳ್ಳನೆ ನೈಲಾನ್ ಎಳೆ ತಗೊಂಡು, ಅಪ್ಪನಿಗೆ ಕಣ್ಣು ಮುಚ್ಚೋಕೆ ಹೇಳಿ, ಅಂಗಾಲಿನ ಅಲ್ಲಲ್ಲಿ ಮುಟ್ಟಿಸ್ತಾ ಹೋದ್ರು. "ಗೊತ್ತಾಗ್ತಿದೆಯಾ?" ಎಡಗಾಲಿನ ಮುಂಭಾಗದಲ್ಲಿ ಮೂರು ಕಡೆ ಅಪ್ಪ ಏನೂ ಹೇಳಲಿಲ್ಲ. ಅಲ್ಲೇ, ಬೆರಳಿನ ಬುಡದಲ್ಲಿ, ಕಡ್ಡಿ ಒತ್ತೀ ಒತ್ತೀ ಎದ್ದಿದ್ದ ಗುಳ್ಳೆ ಒಡೆದು ಹಸಿಯಾಗಿತ್ತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ.

ಶುಗರ್ ಬಹಳ ವರ್ಷ ಇದ್ದಾಗ ಕಾಲಿನ ನರಗಳು ಹಾಳಾಗಿ ನೋವೇ ತಿಳಿಯದ ಹಾಗಾಗಬಹುದು. ಗಾಯ ಆದ್ರೂ ಗೊತ್ತಾಗಲ್ಲ, ಬೇಗ ಮಾಯಲ್ಲ, ಕೊನೆಗೆ ಬೆರಳೋ ಪಾದವೋ ತೆಗೆಯೋ ಮಟ್ಟಕ್ಕೆ ಹೋಗುತ್ತೆ. ಅಂಥ ಕಾಲನ್ನ ಕಡ್ಡಿಯಿಂದ, ಬಲವಾಗಿ ಒತ್ತಲೇಬಾರದು. ಅಪ್ಪನ ಗಾಯ ಮಾಯೋಕೆ ಏಳು ವಾರ ಹಿಡೀತು. ನಾವು ಪುಣ್ಯವಂತರು.

ಒಂದು ಮಾತು ಹೇಳಲೇಬೇಕು. ನಮ್ಮ ಮನೇಲಿ ಕಾಲು ಒತ್ತೋದಕ್ಕೂ ಒಂದು ಇತಿಹಾಸ ಇದೆ. ಹೊಲದಿಂದ ಬಂದ ತಾತನಿಗೆ ಅಜ್ಜಿ ಒತ್ತೋರು. ಅಜ್ಜಿಗೆ ಅಮ್ಮ ಒತ್ತೋರು. ದಿನವೆಲ್ಲ ರಾಗಿ ಹೊಲದಲ್ಲಿ ಕಳೆ ಕಿತ್ತು ಬಂದು, ಮುದ್ದೆ ತೊಳಸಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದ ಮೇಲೆ ಅಮ್ಮನ ಕಾಲು ಒತ್ತಿದವರು ಯಾರು ಅಂತ ನೆನಪು ಮಾಡ್ಕೊಂಡೆ. ನಾನು, ತಂಗಿ ಚಿಕ್ಕವರಿದ್ದಾಗ ಗೋಡೆ ಹಿಡ್ಕೊಂಡು ಅಮ್ಮನ ಮೀನಖಂಡದ ಮೇಲೆ ಆಟಕ್ಕೆ ತುಳೀತಿದ್ವಿ, ಅಷ್ಟೇ. 'ಕಾಲು ಒತ್ತೋನು' ಅನ್ನೋದು ನಮ್ಮ ಕಡೆ ಬೈಗುಳ. ಆ ಕೆಲಸ ಯಾವಾಗ್ಲೂ ಕೆಳಗಿದ್ದವರದ್ದು. ಮಾಲ್‌ನಲ್ಲಿ 900 ರೂಪಾಯಿ ಕೊಟ್ಟಾಗ ನಾನು ಕೊಂಡದ್ದು ಅದನ್ನೇ ಇರಬೇಕು: ನಾನು ಮಾಡಬೇಕಾಗಿದ್ದನ್ನ ಬೇರೆಯವರ ಕೈಲಿ ಮಾಡಿಸಿ, ಪಕ್ಕದಲ್ಲಿ ಮೊಬೈಲ್ ನೋಡೋ ಅನುಕೂಲ.

ಈಗ ಊರಿಗೆ ಹೋದಾಗಲೆಲ್ಲ ರಾತ್ರಿ ಊಟ ಆದ ಮೇಲೆ ಅಪ್ಪನ ಪಾದ ನೋಡ್ತೀನಿ. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ. ಮೊಬೈಲ್ ಟಾರ್ಚ್ ಹಾಕಿ ಬೆರಳ ಸಂದಿಯೆಲ್ಲ ನೋಡಬೇಕು, ಗಾಯ, ಗುಳ್ಳೆ, ಕೆಂಪು ಏನಾದ್ರೂ ಇದೆಯಾ ಅಂತ. ಆಮೇಲೆ ಕೊಬ್ಬರಿ ಎಣ್ಣೆ, ಹಗುರವಾಗಿ, ಬೆರಳ ಸಂದಿ ಬಿಟ್ಟು. ಮಾತ್ರೆ ತಗೊಂಡ್ರಾ ಅಂತ ಕೇಳೋಕೂ ಅದೇ ಒಳ್ಳೇ ಸಮಯ. ನಾನಿಲ್ಲದ ದಿನ ಅಮ್ಮ ನೋಡ್ತಾರೆ.

ಮೊದಲ ದಿನ ಅಪ್ಪ ಕಾಲು ಎಳ್ಕೊಂಡಿದ್ರು. "ಬ್ಯಾಡ ಬಿಡಪ್ಪ, ಓದಿರೋನು ನೀನು" ಅಂದ್ರು. ಈಗ ಅವರೇ ಚಾಪೆ ಮೇಲೆ ಕಾಲು ಚಾಚಿ ಕೂರ್ತಾರೆ. ಹೋದ ಸಲ ಅಪ್ಪನದ್ದು ಮುಗಿಸಿ ಎಣ್ಣೆ ಬಟ್ಟಲು ಹಿಡ್ಕೊಂಡು ಅಮ್ಮನ ಕಡೆ ತಿರುಗಿದೆ. "ನಂಗೇನಾಗೈತೆ, ಹೋಗೋ" ಅಂತ ಎದ್ದು ಹೋಗೋಕೆ ನೋಡಿದ್ರು. ಅಪ್ಪನೇ, "ಕೂತ್ಕೋ, ಒಂದೈದು ನಿಮಿಷ" ಅಂದ್ರು.