‘ತಲಕಾಡುಗೊಂಡ’ ನಾಣ್ಯವೂ ತಿಪ್ಪೂರಿನ ಶಾಸನವೂ

ಹೊಯ್ಸಳ ವಿಷ್ಣುವರ್ಧನನದೆಂದು ಪ್ರಸಿದ್ಧವಾದ ಚಿನ್ನದ ನಾಣ್ಯಗಳಲ್ಲಿ ಅರಸನ ಹೆಸರೇ ಇಲ್ಲವೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡ ಲಿಪಿಯ ಮೂರು ಸಾಲು: ‘ಶ್ರೀ ತಲಕಾಡುಗೊಂಡ’. ಮತ್ತೊಂದು ಬಗೆಯಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ಇಂದಿನ ರೂಢಿಯಲ್ಲಿ ‘ಕೊಂಡ’ನೆಂದರೆ ಹಣ ತೆತ್ತವನು; ನಾಣ್ಯದ ಮೇಲೆ ಅದು ಕಾದಿ ಗೆದ್ದವನ ಬಿರುದು. ಸುಮಾರು 4 ಗ್ರಾಂ ತೂಕದ ಇಂತಹ ಗದ್ಯಾಣವೊಂದಕ್ಕೆ 10 ಪಣ. ಆ ಕಿರುನಾಣ್ಯದ ಹೆಸರೇ ‘ಹಣ’ವಾಗಿ ಸಮಸ್ತ ದ್ರವ್ಯಕ್ಕೂ ಅನ್ವಯವಾಯಿತು.

ಮಳವಳ್ಳಿ ಸೀಮೆಗೆ ನೆರೆಯದಾದ ತಲಕಾಡು ಗಂಗರ ರಾಜಧಾನಿ. 11ನೆಯ ಶತಮಾನದ ಆದಿಯಲ್ಲಿ ಅದು ಚೋಳರ ವಶವಾಯಿತು. ಶತಮಾನದ ತರುವಾಯ ಅದನ್ನು ಒಪ್ಪಿಸೆಂದು ಕೇಳಿದಾಗ, ಚೋಳಸಾಮಂತ ಆದಿಯಮನು ಕಾದಿ ಕೊಳ್ಳಿರೆಂದು ಉತ್ತರಿಸಿದನೆಂದು ಶಾಸನ ತಿಳಿಸುತ್ತದೆ. ಹಾಗೆಯೇ ಆಯಿತು. ಕ್ರಿ.ಶ. 1116ರ ಸುಮಾರಿಗೆ ತಲಕಾಡು ಹೊಯ್ಸಳರದಾಯಿತು. ‘ಗಂಗೈಕೊಂಡ ಚೋಳ’ನೆಂದು ನಾಣ್ಯ ಅಚ್ಚುಹಾಕಿಸಿದ್ದ ರಾಜೇಂದ್ರನ ವಂಶಕ್ಕೆ ಇದು ತಕ್ಕ ಮರುಮಾತೆನ್ನಬಹುದು.

ಆದರೆ ಆ ಬಿರುದು ಮಗ ನರಸಿಂಹ, ಮೊಮ್ಮಗ ವೀರಬಲ್ಲಾಳರ ಶಾಸನಗಳಲ್ಲಿಯೂ ಮುಂದುವರಿಯಿತು. ಆದುದರಿಂದ ನಾಣ್ಯವೊಂದನ್ನೇ ನೋಡಿ ಅದು ಯಾವ ಅರಸನದೆಂದು ನಿರ್ಣಯಿಸುವುದು ಸುಲಭವಲ್ಲ. ರಣರಂಗದಲ್ಲಿ ನಿಂತು ಗೆದ್ದವನಾರೆಂಬುದನ್ನಂತೂ ಅದು ಹೇಳುವುದೇ ಇಲ್ಲ. ಅದನ್ನು ಹೇಳುವುದು ಶಿಲೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ 1117ರ ಶಾಸನವಿದೆ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅದು ಮಳವಳ್ಳಿ ತಾಲ್ಲೂಕಿನ ಶಾಸನವಾಗಿ ಪ್ರಕಟವಾಗಿರುವುದರಿಂದ ಹುಡುಕುವವರು ಎಡವುವುದುಂಟು. ತಲಕಾಡನ್ನು ಗೆದ್ದವನು ಜಿನಭಕ್ತ ದಂಡನಾಯಕ ಗಂಗರಾಜ. ಅರಸನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ತಿಪ್ಪೂರನ್ನು. ಪಡೆದೊಡನೆ ಅದನ್ನು ತನಗೆಂದು ಇರಿಸಿಕೊಳ್ಳದೆ ಮೇಘಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದನು. ಗದ್ಯಾಣಗಳನ್ನು ಬೇಡಿದ್ದರೆ ಅವು ಎಂದೋ ಅಕ್ಕಸಾಲಿಗನ ಮೂಸೆಯಲ್ಲಿ ಕರಗಿಹೋಗುತ್ತಿದ್ದವು. ಹೊಯ್ಸಳರ ಹೊನ್ನು ಇಂದು ವಿರಳ.

ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧರಿಸಿದವನೂ ಈ ಗಂಗರಾಜನೇ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಸುತ್ತಾಲಯವನ್ನು ಅವನು ಮಾಡಿಸಿದನೆಂಬ ಬರಹ ಸ್ವಾಮಿಯ ಪಾದದ ಬಳಿಯಲ್ಲಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ.