ಘಾತ ಒಂದೆಡೆ, ನಾದ ಇನ್ನೊಂದೆಡೆ

ಚರ್ಮದಿಂದ ಮುಖ ಬಿಗಿದ ವಾದ್ಯಗಳನ್ನು ಭರತನ ನಾಟ್ಯಶಾಸ್ತ್ರವು ಅವನದ್ಧಗಳೆಂದು ಕರೆಯಿತು. ಮೃದಂಗವಾಗಲಿ, ತಮಟೆಯಾಗಲಿ, ಪಾಶ್ಚಾತ್ಯರ ಡ್ರಮ್ಮಾಗಲಿ, ಪೆಟ್ಟನ್ನು ತಾಳಿಕೊಳ್ಳುವ ಮುಖವೇ ನಾದವನ್ನೂ ಕೊಡುವುದು ಈ ಕುಲದ ಲಕ್ಷಣ; ಕೈಗೂ ಕಿವಿಗೂ ನಡುವೆ ಚರ್ಮವಲ್ಲದೆ ಮತ್ತಾವ ಮಧ್ಯಸ್ಥನೂ ಅಲ್ಲಿಲ್ಲ. ಇಂದಾದರೋ ವಾದಕನೊಬ್ಬನು ತನ್ನ ಮನೆಯ ಕೋಣೆಯಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟನ್ನು ಬಾರಿಸುವಾಗ ಪೆಟ್ಟು ಬೀಳುವುದು ಎದುರಿನ ಪ್ಯಾಡಿನ ಮೇಲೆ, ನಾದ ಹುಟ್ಟುವುದು ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ. ಘಾತವೂ ನಾದವೂ ಹೀಗೆ ಅಗಲಿದ ಬಗೆಯನ್ನೂ, ಅಗಲಿದವನ್ನು ಮತ್ತೆ ಕೂಡಿಸಲು ಪಟ್ಟ ಪಾಡನ್ನೂ ಹೇಳಿದರೆ ಈ ವಾದ್ಯದ ಚರಿತ್ರೆಯನ್ನೇ ಹೇಳಿದಂತೆ.

ಬೀಜ ಬಹಳ ಹಿಂದಿನದು. ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು; ಈ ಗುಣವುಳ್ಳ ಪೀಜೋ ಬಿಲ್ಲೆಯೇ ಇಂದು ಪ್ಯಾಡುಗಳ ಅಡಿಯಲ್ಲಿ ಕುಳಿತು ಪೆಟ್ಟನ್ನು ವಿದ್ಯುತ್ ಸ್ಪಂದನವಾಗಿ ಮಾರ್ಪಡಿಸುತ್ತದೆ. ಮೂಡಿ ಬ್ಲೂಸ್ ತಂಡದ ಡ್ರಮ್ ವಾದಕ ಗ್ರೇಮ್ ಎಡ್ಜ್, ಸಸೆಕ್ಸ್ ವಿಶ್ವವಿದ್ಯಾನಿಲಯದ ಬ್ರಯನ್ ಗ್ರೋವ್ಸ್ ಅವರೊಡಗೂಡಿ ರಚಿಸಿದ ಎಲೆಕ್ಟ್ರಾನಿಕ್ ಡ್ರಮ್ಮು 1971ರ ಧ್ವನಿಮುದ್ರಿಕೆಯೊಂದರಲ್ಲಿ ಕೇಳಿಬಂದಿತು. ಆದರೆ ಲೋಕದ ಕಣ್ಣಿಗೆ ಬಿದ್ದುದು ಇಂಗ್ಲೆಂಡಿನ ಡೇವ್ ಸಿಮನ್ಸ್ 1981ರಲ್ಲಿ ಹೊರತಂದ ಎಸ್‌ಡಿಎಸ್-5 ಎಂಬ ಸೆಟ್ಟು. ಅದರ ಷಟ್ಕೋನದ ಪ್ಯಾಡುಗಳು ನೋಟಕ್ಕೆ ಮನೋಹರವಾಗಿದ್ದುವು. ಆದರೆ ಗಲಭೆ ಅಡಗಿಸುವ ಪೊಲೀಸರ ಗುರಾಣಿಗೆ ಬಳಸುವ ಪಾಲಿಕಾರ್ಬೊನೇಟನ್ನೇ ಅವುಗಳ ಮುಖಕ್ಕೂ ಬಳಸಿದ್ದರಿಂದ, ಚರ್ಮದಂತೆ ಕೋಲನ್ನು ಮೃದುವಾಗಿ ಹಿಂದಿರುಗಿಸದೆ ಪೆಟ್ಟಿನ ಬಲವನ್ನೆಲ್ಲ ಅವು ವಾದಕನ ಮಣಿಕಟ್ಟಿಗೇ ಮರಳಿಸುತ್ತಿದ್ದುವು. ಅನೇಕರು ಕೈನೋವಿನಿಂದ ನರಳಿದರು. ಘಾತವನ್ನು ನಾದದಿಂದ ಬೇರ್ಪಡಿಸಿದವರು ಘಾತವೂ ಒಂದು ಸುಖವೆಂಬುದನ್ನು ಮರೆತಿದ್ದರೆಂದೇ ನನ್ನ ಭಾವನೆ.

ನಾದದ ಕಡೆಯ ಕಥೆ ಬೇರೆಯೇ ಹಾದಿ ಹಿಡಿದಿತ್ತು. ರೋಜರ್ ಲಿನ್ 1980ರಲ್ಲಿ ಹೊರತಂದ ಎಲ್‌ಎಂ-1 ಯಂತ್ರದಲ್ಲಿ ನಿಜವಾದ ಡ್ರಮ್ಮುಗಳ ಮುದ್ರಿತ ಧ್ವನಿಯೇ ಚಿಪ್ಪುಗಳಲ್ಲಿ ಅಡಗಿತ್ತು. ಸ್ಮರಣಕೋಶವು ಅಂದು ಅತಿ ದುಬಾರಿಯಾದುದರಿಂದ, ದೀರ್ಘವಾಗಿ ಅನುರಣಿಸುವ ದೊಡ್ಡ ತಾಳಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಬಾರಿಸುವವನಿಗೆ ಅಲ್ಲಿ ಬಟನ್ನುಗಳೇ ಗತಿ.

ಈ ಎರಡು ದಡಗಳಿಗೆ ಸೇತುವೆಯಾದುದು ಮಿಡಿ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾದ್ಯ ಮೇಳವೊಂದರಲ್ಲಿ, ಡೇವ್ ಸ್ಮಿತ್ ಅವರ ಸೀಕ್ವೆನ್ಷಿಯಲ್ ಸಂಸ್ಥೆಯ ಕೀಬೋರ್ಡೂ ಜಪಾನಿನ ರೋಲೆಂಡ್ ಸಂಸ್ಥೆಯ ಕೀಬೋರ್ಡೂ ಒಂದೇ ತಂತಿಯ ಮೂಲಕ ಪರಸ್ಪರ ಮಾತನಾಡಿದುವು. ಆ ತಂತಿಯಲ್ಲಿ ಹರಿಯುವುದು ನಾದವಲ್ಲ, ನಾದದ ಆಜ್ಞೆ: ಯಾವುದನ್ನು ನುಡಿಸಬೇಕು, 1ರಿಂದ 127ರ ವರೆಗಿನ ಯಾವ ಬಲದಿಂದ ನುಡಿಸಬೇಕು ಎಂಬಷ್ಟೇ. ಸೆಕೆಂಡಿಗೆ 31,250 ಬಿಟ್ಟುಗಳ ವೇಗದಲ್ಲಿ ಇಂತಹ ಒಂದು ಆಜ್ಞೆ ತಲುಪಲು ಒಂದು ಮಿಲಿಸೆಕೆಂಡು ಸಾಕು. 1991ರ ಒಡಂಬಡಿಕೆಯಂತೆ 36 ಎಂದರೆ ಕಿಕ್, 38 ಎಂದರೆ ಸ್ನೇರ್, 42 ಎಂದರೆ ಮುಚ್ಚಿದ ಹೈ-ಹ್ಯಾಟ್. ಕಂಪ್ಯೂಟರಿಗೆ ಪ್ಯಾಡು ಜೋಡಿಸುವವರು ಇಂದಿಗೂ ಈ ಅಂಕಿಗಳನ್ನು ಬಾಯಿಪಾಠವಾಗಿ ಬಲ್ಲರು.

1985ರಲ್ಲಿ ರೋಲೆಂಡಿನವರು ತಂದ ಎಂಟು ಪ್ಯಾಡುಗಳ ಮೊದಲ ಆಕ್ಟಾಪ್ಯಾಡಿಗೆ ಸ್ವಂತ ನಾದವೇ ಇರಲಿಲ್ಲ. ಅದು ಆಜ್ಞೆಯನ್ನಷ್ಟೇ ಕಳುಹುತ್ತಿತ್ತು. ಅದೇ ವಂಶದಲ್ಲಿ ಮುಂದೆ ಬಂದ, ನಾದವನ್ನೂ ಒಡಲಲ್ಲಿ ಹೊತ್ತ ಪ್ಯಾಡುಗಳು ನಮ್ಮ ಗಣೇಶೋತ್ಸವ ರಾಜ್ಯೋತ್ಸವಗಳ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ರಿದಮ್ ಪ್ಯಾಡೆಂಬ ಹೆಸರಿನಿಂದ ನೆಲಸಿ, ತಬಲ ಢೋಲಕ್ಕುಗಳ ಸ್ವರವನ್ನೂ ಕೋಲಿನ ತುದಿಗೆ ತಂದುವು.

ಮಣಿಕಟ್ಟಿನ ನೋವಿಗೆ ತಕ್ಕ ಪರಿಹಾರ ದೊರೆತುದು 1997ರಲ್ಲಿ. ರೋಲೆಂಡಿನ ವಿ-ಡ್ರಮ್ಸ್ ಸೆಟ್ಟಿಗೆ ಬಿಗಿದುದು ರೆಮೊ ಸಂಸ್ಥೆಯೊಡನೆ ಸೇರಿ ಸಿದ್ಧಪಡಿಸಿದ ಜಾಲರಿಯ ಮುಖ. ಬಿಗಿತವನ್ನು ಚರ್ಮದಂತೆಯೇ ಹೆಚ್ಚು ಕಡಿಮೆ ಮಾಡಬಹುದಾದ ಅದು ಕೋಲನ್ನು ಪುಟಿಸಿ ಹಿಂದಿರುಗಿಸಿತು. ಎರಡು ವರ್ಷಗಳ ಬಳಿಕ ಸ್ಟೈನ್‌ಬರ್ಗ್ ಸಂಸ್ಥೆಯ ವಿಎಸ್‌ಟಿ ಪದ್ಧತಿಯ ಎರಡನೆಯ ಆವೃತ್ತಿಯು ಮಿಡಿ ಆಜ್ಞೆಗಳನ್ನು ಸ್ವೀಕರಿಸತೊಡಗಲು, ವಾದ್ಯವೇ ತಂತ್ರಾಂಶವಾಗುವ ಬಾಗಿಲು ತೆರೆಯಿತು. 2003ರ ಬಿಎಫ್‌ಡಿ, 2006ರ ಈಜಿಡ್ರಮ್ಮರ್ ಮುಂತಾದುವುಗಳಲ್ಲಿ ಸ್ನೇರ್ ಒಂದನ್ನೇ ಪಿಸುಮಾತಿನ ಸ್ಪರ್ಶದಿಂದ ಸಿಡಿಲಿನ ಹೊಡೆತದ ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಮುದ್ರಿಸಿಟ್ಟು, ಆಜ್ಞೆಯ ಬಲಕ್ಕೆ ಒಪ್ಪುವುದನ್ನು ಆರಿಸಿ ನುಡಿಸುವ ಏರ್ಪಾಡುಂಟು.

ಮೃದಂಗದವನು ಕಚೇರಿಗೆ ಮೊದಲು ಶ್ರುತಿ ಕೂಡಿಸುವಂತೆ, ಈ ವಾದಕನಿಗೂ ಒಂದು ಪೂರ್ವಸಿದ್ಧತೆಯಿದೆ. ಒಂದು ಪ್ಯಾಡಿನ ಅದುರಿಗೆ ನೆರೆಯ ಪ್ಯಾಡು ತಾನಾಗಿ ನುಡಿಯದಂತೆಯೂ, ಒಂದು ಪೆಟ್ಟಿಗೆ ಎರಡು ನಾದ ಹೊಮ್ಮದಂತೆಯೂ ಸೂಕ್ಷ್ಮತೆಯ ಮಿತಿಯನ್ನು ಗೊತ್ತುಮಾಡಬೇಕು. ತನ್ನ ಕೈಯ ಹಗುರ ಭಾರಗಳಿಗೆ ತಕ್ಕಂತೆ ಬಲದ ರೇಖೆಯನ್ನು ಬಾಗಿಸಬೇಕು. ಎಲ್ಲಕ್ಕಿಂತ ಕಠಿಣವಾದುದು ವಿಳಂಬ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 256 ಮಾದರಿಗಳ ಬಫರಿಟ್ಟರೆ ಸುಮಾರು 5.8 ಮಿಲಿಸೆಕೆಂಡು ತಡ. 128ಕ್ಕೆ ಇಳಿಸಿದರೆ ಅದರರ್ಧ, ಎಂದರೆ ಗಾಳಿಯಲ್ಲಿ ಶಬ್ದವು ಒಂದು ಮೀಟರು ನಡೆಯುವಷ್ಟು ಹೊತ್ತು. ನಿಜವಾದ ಸ್ನೇರಿನ ನಾದ ವಾದಕನ ಕಿವಿ ಮುಟ್ಟಲು ಬೇಕಾಗುವುದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಆದರೆ ಪೆಟ್ಟಿನ ಬಲವನ್ನು ಅಳೆಯುವ ಹೊತ್ತೂ, ಶಬ್ದವು ಕಂಪ್ಯೂಟರಿನಿಂದ ಹೊರಬೀಳುವ ಹೊತ್ತೂ ಇದಕ್ಕೆ ಕೂಡುವುದರಿಂದ, ತಾಳದ ಹಿಡಿತ ಕೈಯಿಂದ ಜಾರದಂತೆ ಒಂದೊಂದು ಮಿಲಿಸೆಕೆಂಡನ್ನೂ ಉಳಿಸಬೇಕಾಗುತ್ತದೆ.

ಇಷ್ಟೆಲ್ಲ ಹೊಂದಿಸಿ ಹೆಡ್‌ಫೋನ್ ಧರಿಸಿ ಕುಳಿತವನಿಗೆ ಕೇಳಿಸುವುದು ದೂರದ ಯಾವುದೋ ಸ್ಟುಡಿಯೋದಲ್ಲಿ ಎಂದೋ ಮುದ್ರಿತವಾದ ಡ್ರಮ್ಮಿನ ಗಂಭೀರ ನಾದ. ಅವನ ಕಾಲು ಕಿಕ್ ಪೆಡಲನ್ನು ಮೆಟ್ಟಿದಾಗಲೆಲ್ಲ ಹುಟ್ಟುವ ಒಣ ಸಪ್ಪಳ ಮಾತ್ರ ನೆಲದ ಮೂಲಕ ಇಳಿದು ಕೆಳಮನೆಯವರಿಗೆ ಕೇಳಿಸುತ್ತದೆ. ಅದನ್ನು ತಡೆಯಲು ಟೆನಿಸ್ ಚೆಂಡುಗಳ ಮೇಲೆ ಹಲಗೆ ಹಾಸಿ, ಸೆಟ್ಟನ್ನು ಅದರ ಮೇಲಿರಿಸಿಕೊಳ್ಳುವವರೂ ಉಂಟು.